ಇಂಗ್ಲಿಷ್ ಸಂದೇಹ: ಎಷ್ಟು ಕಾಲ ಎನ್ನಲು ಯಾವ ಪದ?

ಈ ಸಂಚಿಕೆಗೆ ಆರಿಸಿಕೊಂಡ ಪ್ರಶ್ನೆಗಳೆಲ್ಲ ಒಂದೇ ಬಳಗದವು. ಒಂದು ಸಂಗತಿ ಎಷ್ಟು ಕಾಲ ನಡೆಯಿತು, ಇನ್ನೆಷ್ಟು ಕಾಲ ಇರುತ್ತದೆ ಎಂದು ಹೇಳುವ ಇಂಗ್ಲಿಷ್ ಗುಣವಾಚಕಗಳ ಬಗ್ಗೆ ಓದುಗರು ಕೇಳಿದ್ದಾರೆ. ನಿಘಂಟು ತೆರೆದರೆ ಇವುಗಳಲ್ಲಿ ಅರ್ಧದಷ್ಟಕ್ಕೆ 'ನಿರಂತರ' ಎಂದೂ ಉಳಿದರ್ಧಕ್ಕೆ 'ತಾತ್ಕಾಲಿಕ' ಎಂದೂ ಅರ್ಥ ಕೊಟ್ಟಿರುತ್ತದೆ. ತೊಡಕು ಶುರುವಾಗುವುದೇ ಅಲ್ಲಿಂದ. ಅವಧಿಯ ಉದ್ದವನ್ನಷ್ಟೇ ನೋಡಿದರೆ ಈ ಪದಗಳ ವ್ಯತ್ಯಾಸ ತಿಳಿಯುವುದಿಲ್ಲ. ನಡುವೆ ಬಿಡುವು ಇದೆಯೇ, ಕೊನೆ ಯಾವಾಗೆಂದು ಗೊತ್ತಿದೆಯೇ, ಮುಗಿದ ಮೇಲೆ ಆ ಜಾಗಕ್ಕೆ ಇನ್ನೇನಾದರೂ ಬರಲಿಕ್ಕಿದೆಯೇ, ಹೇಳುವವರ ಮಾತಿನಲ್ಲಿ ಬೇಸರವಿದೆಯೇ ಎಂದು ಕೇಳಿಕೊಳ್ಳಬೇಕು.

ಪ್ರಶ್ನೆ: ನಮ್ಮ ಬೀದಿಯಲ್ಲಿ ದಿನಕ್ಕೆ ಏಳೆಂಟು ಸಲ ಕರೆಂಟ್ ಹೋಗಿ ಬರುತ್ತದೆ. ದೂರು ಬರೆಯುವಾಗ 'ಕಂಟಿನ್ಯುಅಸ್ ಪವರ್ ಕಟ್ಸ್' ಎಂದು ಬರೆದೆ. ಮಗಳು ಅದನ್ನು 'ಕಂಟಿನ್ಯುಅಲ್' ಎಂದು ತಿದ್ದಿದಳು. ಯಾವುದು ಸರಿ?
— ನಿವೃತ್ತ ನೌಕರರು

ಉತ್ತರ: ಮಗಳು ತಿದ್ದಿದ್ದು ಸರಿ. ನಡುವೆ ಒಂದಿಷ್ಟೂ ಬಿಡುವಿಲ್ಲದೆ ನಡೆಯುವುದು ಕಂಟಿನ್ಯುಅಸ್. ನಿಂತು ನಿಂತು, ಮತ್ತೆ ಮತ್ತೆ ಆಗುವುದು ಕಂಟಿನ್ಯುಅಲ್. ಕನ್ನಡದಲ್ಲಿ 'ಎಡೆಬಿಡದೆ' ಎನ್ನುವ ಕಡೆ ಮೊದಲನೆಯದು, 'ಮೇಲಿಂದ ಮೇಲೆ' ಎನ್ನುವ ಕಡೆ ಎರಡನೆಯದು. ಕಂಟಿನ್ಯುಅಸ್ ಎಂದು ಬರೆದರೆ ಓದುವ ಅಧಿಕಾರಿ, ಹೋದ ಕರೆಂಟ್ ಬಂದೇ ಇಲ್ಲ ಎಂದು ತಿಳಿದಾರು. ಹಾಗಿದ್ದರೆ ಅದು ಲೈನ್ ಕಡಿದ ಸಮಸ್ಯೆ. ನಿಮ್ಮದು ಬೇರೆ.

ಆದರೂ ದೂರಿನ ಪತ್ರದಲ್ಲಿ ಈ ಎರಡನ್ನೂ ಬಿಟ್ಟು 'ಫ್ರೀಕ್ವೆಂಟ್ ಪವರ್ ಕಟ್ಸ್' ಎಂದೇ ಬರೆಯಿರಿ ಎಂಬುದು ನನ್ನ ಸಲಹೆ. ಇಂಗ್ಲಿಷ್ ಮನೆಮಾತಾಗಿರುವವರಲ್ಲೂ ಅನೇಕರು ಈ ಜೋಡಿಯನ್ನು ಬೆರೆಸಿಯೇ ಬಳಸುತ್ತಾರೆ. ಕಂಟಿನ್ಯುಅಲ್ ಪದಕ್ಕೆ 'ಬಿಡುವಿಲ್ಲದ' ಎಂಬ ಅರ್ಥವನ್ನೂ ಕೊಡುವ ನಿಘಂಟುಗಳಿವೆ. ನೀವು ಸರಿಯಾಗಿಯೇ ಬರೆದರೂ ಓದುವವರು ತಪ್ಪಾಗಿ ತಿಳಿಯುವ ಸಂಭವವಿದ್ದಲ್ಲಿ 'ಫ್ರೀಕ್ವೆಂಟ್' ಅಥವಾ 'ರಿಪೀಟೆಡ್' ಹಾಕಿ, ಪಕ್ಕದಲ್ಲಿ ದಿನಕ್ಕೆ ಎಷ್ಟು ಸಲ, ಪ್ರತಿಸಲ ಎಷ್ಟು ನಿಮಿಷ ಎಂದು ಬರೆದುಬಿಡಿ. ದೂರಿಗೆ ಬಲ ಬರುವುದು ಆ ಅಂಕಿಯಿಂದ.

ಬೇರೆಡೆ ಮಾತ್ರ ಈ ವ್ಯತ್ಯಾಸವನ್ನು ಕೈಬಿಡುವಂತಿಲ್ಲ. ಹವಾಮಾನ ವೀಕ್ಷಕರು ಬಳಸುವ ಅಂತರರಾಷ್ಟ್ರೀಯ ಸಂಕೇತದಲ್ಲಿ ಬಿಟ್ಟು ಬಿಟ್ಟು ಬರುವ ಹಗುರ ಮಳೆಗೆ 60, ಬಿಡದೆ ಬರುವ ಹಗುರ ಮಳೆಗೆ 61. ಮೊದಲನೆಯದಕ್ಕೆ ಅವರ ಪದ ಇಂಟರ್‌ಮಿಟೆಂಟ್, ಎರಡನೆಯದಕ್ಕೆ ಕಂಟಿನ್ಯುಅಸ್. ಇಂಟರ್‌ಮಿಟೆಂಟ್ ಎಂದಾಗ ಒತ್ತು ಬೀಳುವುದು ನಡುವಿನ ಬಿಡುವಿನ ಮೇಲೆ. ಕಂಟಿನ್ಯುಅಲ್ ಎಂದಾಗ ಮರಳಿ ಮರಳಿ ಬರುವುದರ ಮೇಲೆ. ಜ್ವರದ ವಿಷಯದಲ್ಲೂ ಹೀಗೆಯೇ. ಬಿಟ್ಟು ಬರುವ ಜ್ವರ ಇಂಟರ್‌ಮಿಟೆಂಟ್. ಅದನ್ನು ವೈದ್ಯರು ಕಂಟಿನ್ಯುಅಲ್ ಎನ್ನುವುದಿಲ್ಲ.

ಜಾಗದ ಬಗ್ಗೆ ಹೇಳುವಾಗ ಕಂಟಿನ್ಯುಅಸ್ ಮಾತ್ರ ಸಲ್ಲುತ್ತದೆ. ರಸ್ತೆ ನಡುವಿನ ತುಂಡಾಗದ ಬಿಳಿ ಗೆರೆ 'ಕಂಟಿನ್ಯುಅಸ್ ಲೈನ್'. ಗೆರೆ, ಗೋಡೆ, ಬೇಲಿ ಇವು ಯಾವುವೂ ಕಂಟಿನ್ಯುಅಲ್ ಆಗಲಾರವು.

ಕಾನೂನಿನಲ್ಲಿ ಈ ಪದಕ್ಕೆ ದಿನಬಳಕೆಗಿಂತ ಹಿಗ್ಗಿದ ಅರ್ಥವಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1972ರ ಗ್ರಾಚ್ಯುಯಿಟಿ ಕಾಯ್ದೆಯ 2-ಎ ಸೆಕ್ಷನ್ನಿನಲ್ಲಿ 'ಕಂಟಿನ್ಯುಅಸ್ ಸರ್ವೀಸ್' ಎಂದರೇನು ಎಂದು ಬಿಡಿಸಿ ಹೇಳಲಾಗಿತ್ತು. ಕಾಯಿಲೆ, ಅಪಘಾತ, ರಜೆ, ಲೇ-ಆಫ್, ನೌಕರರ ತಪ್ಪಿಲ್ಲದೆ ಕೆಲಸ ನಿಂತ ದಿನಗಳು ಇವೆಲ್ಲ ಇದ್ದರೂ ಸೇವೆ ತುಂಡಾಗಲಿಲ್ಲವೆಂದೇ ಲೆಕ್ಕ. ಹಾಗೆ ಸೇರದಿದ್ದರೂ, ಸಾಮಾನ್ಯ ಸಂಸ್ಥೆಯಲ್ಲಿ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ಕಂಟಿನ್ಯುಅಸ್. ಆದ್ದರಿಂದ ಸೇವಾ ದಾಖಲೆಯಲ್ಲಿ ಈ ಪದ ಕಂಡರೆ ನಿಘಂಟಿನ ಬದಲು ಕಾಯ್ದೆಯ ವ್ಯಾಖ್ಯಾನ ನೋಡಬೇಕು.

ಇದೇ ಸಾಲಿಗೆ ಸೇರಿದ 'ಇನ್‌ಸೆಸೆಂಟ್' ಪದವನ್ನು ಬೇಸರ ತರುವ ಸಂಗತಿಗೆ ಇಟ್ಟುಕೊಳ್ಳಿ. ಮಲೆನಾಡಿನಲ್ಲಿ 'ಇನ್‌ಸೆಸೆಂಟ್ ರೇನ್' ಸರಿ. ನಲ್ಲಿಯಲ್ಲಿ ಇನ್‌ಸೆಸೆಂಟ್ ಆಗಿ ನೀರು ಬರುತ್ತದೆ ಎಂದರೆ ನೀರು ಬಂದದ್ದೇ ಕಾಟ ಎಂದಂತಾಗುತ್ತದೆ. ಅಲ್ಲಿ 'ಅನ್‌ಇಂಟರಪ್ಟೆಡ್' ಎನ್ನಿ. 'ಕಾನ್‌ಸ್ಟಂಟ್' ಎಂದರೆ ಸದಾ ಇರುವುದು ಅಥವಾ ಏರಿಳಿತವಿಲ್ಲದ್ದು. ಫ್ರಿಜ್ಜಿನ ಒಳಗಿನ ತಾಪಮಾನ ಕಾನ್‌ಸ್ಟಂಟ್ ಆಗಿರಬೇಕು ಎನ್ನುವಾಗ ಮುಖ್ಯವಾದದ್ದು ಏರಿಳಿಯಬಾರದು ಎಂಬುದು.

ಇನ್ನೊಂದು ಮಾತು. ಇದೇ ಓದುಗರ ಪತ್ರದಲ್ಲಿ 'ಸಿನ್ಸ್ ತ್ರೀ ವೀಕ್ಸ್' ಎಂದಿತ್ತು. 'ಮೂರು ವಾರದಿಂದ' ಎಂಬ ನಮ್ಮ 'ಇಂದ' ಪ್ರತ್ಯಯ ಇಲ್ಲಿ ದಾರಿ ತಪ್ಪಿಸುತ್ತದೆ. ಅವಧಿಯ ಅಳತೆ ಹೇಳುವಾಗ 'ಫಾರ್', ಶುರುವಾದ ದಿನ ಹೇಳುವಾಗ 'ಸಿನ್ಸ್'. 'ಫಾರ್ ತ್ರೀ ವೀಕ್ಸ್', 'ಸಿನ್ಸ್ ದ ಫಸ್ಟ್ ಆಫ್ ಜೂನ್'.

ಪ್ರಶ್ನೆ: ಕಾಲೇಜಿನ ಬ್ಯಾನರಿಗೆ 'ಟೂ ಡೇಸ್ ನ್ಯಾಷನಲ್ ಸೆಮಿನಾರ್' ಎಂದು ಬರೆಸಿದ್ದೇವೆ. ಅತಿಥಿಯೊಬ್ಬರು ತಪ್ಪು ಎಂದರು. ಎರಡು ದಿನ ಇರುವಾಗ 'ಡೇಸ್' ಹೇಗೆ ತಪ್ಪು?
— ಉಪನ್ಯಾಸಕಿ, ಹಾವೇರಿ

ಉತ್ತರ: ಸಂಖ್ಯೆ ಮತ್ತು ಕಾಲದ ಅಳತೆ ಸೇರಿ ನಾಮಪದಕ್ಕಿಂತ ಮೊದಲು ಗುಣವಾಚಕವಾಗಿ ನಿಂತಾಗ ಅಳತೆಯ ಪದ ಏಕವಚನದಲ್ಲಿರುತ್ತದೆ, ನಡುವೆ ಹೈಫನ್ ಬರುತ್ತದೆ. 'ಟೂ-ಡೇ ನ್ಯಾಷನಲ್ ಸೆಮಿನಾರ್', 'ಸಿಕ್ಸ್-ಮಂತ್ ಕೋರ್ಸ್', 'ಟೆನ್-ಇಯರ್ ಬಾಂಡ್'. ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ಬಹುವಚನವಿಲ್ಲ ಎಂಬುದೇ ಕಾರಣ. 'ಐದು ವರ್ಷದ ಮಗು' ಎನ್ನುವಾಗ ನಾವೂ 'ವರ್ಷಗಳ' ಎನ್ನುವುದಿಲ್ಲವಲ್ಲ. 'ಫೈವ್-ಇಯರ್-ಓಲ್ಡ್ ಚೈಲ್ಡ್' ಎಂಬಲ್ಲಿ ಎರಡು ಹೈಫನ್ ಬೇಕು.

ಅಳತೆ ನಾಮಪದದ ನಂತರ ಬಂದರೆ ಬಹುವಚನ ಮರಳುತ್ತದೆ, ಹೈಫನ್ ಬಿದ್ದುಹೋಗುತ್ತದೆ: 'ದ ಸೆಮಿನಾರ್ ಲಾಸ್ಟೆಡ್ ಟೂ ಡೇಸ್', 'ದ ಚೈಲ್ಡ್ ಈಸ್ ಫೈವ್ ಇಯರ್ಸ್ ಓಲ್ಡ್'.

ರಜೆ ಅರ್ಜಿಯಲ್ಲಿ 'ಟೂ ಡೇಸ್ ಲೀವ್' ಎಂದು ಬರೆಯುತ್ತೇವಲ್ಲ, ಅದು ಬೇರೆ ರಚನೆ. ಎರಡು ದಿನಗಳ ರಜೆ ಎಂಬ ಷಷ್ಠಿ ವಿಭಕ್ತಿ ಅಲ್ಲಿದೆ. ಹಾಗಾಗಿ 'ಡೇಸ್' ಪದದ ಕೊನೆಯ ಎಸ್ ಆದ ಮೇಲೆ ಅಪಾಸ್ಟ್ರಫಿ ಹಾಕಬೇಕು. ಒಂದೇ ದಿನವಾದರೆ ಅಪಾಸ್ಟ್ರಫಿ ಎಸ್‌ಗಿಂತ ಮೊದಲು. ನಿಮ್ಮ ಬ್ಯಾನರಿನಲ್ಲಿ ಅಪಾಸ್ಟ್ರಫಿ ಸೇರಿಸಿ ಉಳಿಸಿಕೊಳ್ಳಬಹುದೇ ಎಂದು ನೀವು ಕೇಳಬಹುದು. ವ್ಯಾಕರಣ ಒಪ್ಪಿದರೂ ಕಾರ್ಯಕ್ರಮದ ಹೆಸರಿಗೆ ಹೈಫನ್ ರೂಪವೇ ರೂಢಿ. ಮುದ್ರಣಕ್ಕೆ ಹೋಗದಿದ್ದರೆ ತಿದ್ದಿಸಿ.

ಪ್ರಶ್ನೆ: ಪದವಿ ಮುಗಿದಿದೆ, ಘಟಿಕೋತ್ಸವ ಆಗಿಲ್ಲ. ಅರ್ಜಿಯಲ್ಲಿ 'ಟೆಂಪರರಿ ಸರ್ಟಿಫಿಕೇಟ್ ಲಗತ್ತಿಸಿದೆ' ಎಂದು ಬರೆದರೆ ಸಾಕೇ? ಟೆಂಪರರಿ, ಪ್ರೊವಿಷನಲ್, ಇಂಟರಿಮ್, ಟೆಂಟೆಟಿವ್ ಎಲ್ಲಕ್ಕೂ 'ತಾತ್ಕಾಲಿಕ' ಎಂದೇ ಓದಿದ್ದೇನೆ.
— ಬಿ.ಕಾಂ. ಪದವೀಧರ, ಶಿರಸಿ

ಉತ್ತರ: ಸಾಲದು. ಅದು 'ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್'. ಟೆಂಪರರಿ ಎಂದರೆ ಪ್ರಮಾಣಪತ್ರ ಕೆಲಕಾಲವಾದ ಮೇಲೆ ರದ್ದಾಗುತ್ತದೆ, ಆಮೇಲೆ ನೀವು ಪದವೀಧರರಲ್ಲ ಎಂಬ ಅರ್ಥವೂ ಹೊರಡುತ್ತದೆ. ಉದ್ಯೋಗದ ಅರ್ಜಿಯಲ್ಲಿ ಆ ಗೊಂದಲ ಬೇಡ.

ನಾಲ್ಕನ್ನೂ ಹೀಗೆ ಬೇರ್ಪಡಿಸಿಕೊಳ್ಳಿ. ಟೆಂಪರರಿ ಹೇಳುವುದು ಒಂದೇ ಸಂಗತಿ: ಇದಕ್ಕೆ ಕೊನೆ ಇದೆ. ಆಮೇಲೆ ಏನು ಬರುತ್ತದೆ ಎಂಬ ಬಗ್ಗೆ ಅದು ಸುಮ್ಮನಿರುತ್ತದೆ. ಜಾತ್ರೆಯ ಅಂಗಡಿ, ರಸ್ತೆ ಅಗೆದಾಗ ಮಾಡುವ ಬದಲಿ ದಾರಿ, ಮೂರು ತಿಂಗಳ ಕೆಲಸ ಇವೆಲ್ಲ ಟೆಂಪರರಿ. ಪ್ರೊವಿಷನಲ್ ಎಂದರೆ ಅಂತಿಮವಾದದ್ದು ಒಂದು ಬರಲಿದೆ, ಅದು ಬರುವವರೆಗೆ ಇದು ಮಾನ್ಯ, ಅಷ್ಟರೊಳಗೆ ಇದು ಬದಲಾಗಲೂಬಹುದು. ಪ್ರವೇಶ ಪರೀಕ್ಷೆಯ ಬಳಿಕ ಮೊದಲು ಹೊರಬರುವ ಕೀ ಉತ್ತರ ಪ್ರೊವಿಷನಲ್. ಆಕ್ಷೇಪಣೆ ಸಲ್ಲಿಸಿದರೆ ಉತ್ತರ ಬದಲಾಗಬಹುದು ಎಂಬ ಷರತ್ತು ಆ ಒಂದು ಪದದಲ್ಲೇ ಅಡಗಿದೆ. ಆಕ್ಷೇಪಣೆಯ ದಿನ ಮುಗಿಯುವ ತನಕ ಅಂಕ ಎಣಿಸಿ ಸಂಭ್ರಮಿಸುವುದೂ ಬೇಡ, ಕುಗ್ಗುವುದೂ ಬೇಡ.

ಇಂಟರಿಮ್ ಎಂದರೆ ಎರಡರ ನಡುವಿನ ತೆರಪು ತುಂಬುವಂಥದ್ದು. ಚುನಾವಣೆ ಹತ್ತಿರವಿದ್ದಾಗ ಮಂಡಿಸುವ ಬಜೆಟ್ ಇದಕ್ಕೆ ಒಳ್ಳೆಯ ನಿದರ್ಶನ. 2024ರಲ್ಲಿ ಫೆಬ್ರುವರಿ 1ರಂದು ಇಂಟರಿಮ್ ಬಜೆಟ್ ಬಂತು, ಹೊಸ ಸರ್ಕಾರದ ಪೂರ್ಣ ಬಜೆಟ್ ಜುಲೈ 23ರಂದು. ನ್ಯಾಯಾಲಯದ ಮಧ್ಯಂತರ ಆದೇಶವೂ ಇಂಟರಿಮ್. ಟೆಂಟೆಟಿವ್ ಎಂದರೆ ಹೇಳುವವರಿಗೇ ಖಚಿತವಿಲ್ಲ: 'ಟೆಂಟೆಟಿವ್ ಟೈಮ್‌ಟೇಬಲ್', 'ಟೆಂಟೆಟಿವ್ ಡೇಟ್'. ಪ್ರೊವಿಷನಲ್ ಪಟ್ಟಿಗೆ ಅಷ್ಟು ಕಾಲ ಅಧಿಕೃತ ಮಾನ್ಯತೆ ಇರುತ್ತದೆ. ಟೆಂಟೆಟಿವ್ ದಿನಾಂಕ ನಂಬಿ ರೈಲು ಟಿಕೆಟ್ ಕಾಯ್ದಿರಿಸಿದರೆ ಹೊಣೆ ನಿಮ್ಮದೇ.

ನಮ್ಮ ದೇಶದ ಇತಿಹಾಸದಲ್ಲಿ ಈ ಪದಗಳನ್ನು ಬಹಳ ಎಚ್ಚರದಿಂದ ಬಳಸಲಾಗಿದೆ. 1946ರ ಸೆಪ್ಟೆಂಬರ್ 2ರಂದು ಅಧಿಕಾರಕ್ಕೆ ಬಂದದ್ದು 'ಇಂಟರಿಮ್ ಗವರ್ನಮೆಂಟ್'. ಅದು ಬ್ರಿಟಿಷ್ ಆಡಳಿತಕ್ಕೂ ಸ್ವತಂತ್ರ ಸರ್ಕಾರಕ್ಕೂ ನಡುವಿನ ವ್ಯವಸ್ಥೆ. 1950ರ ಜನವರಿ 26ರಿಂದ, 1952ರಲ್ಲಿ ಚುನಾಯಿತ ಸಂಸತ್ತು ಬರುವವರೆಗೆ ಕೆಲಸ ಮಾಡಿದ್ದು 'ಪ್ರೊವಿಷನಲ್ ಪಾರ್ಲಿಮೆಂಟ್'. ಸಂವಿಧಾನದಲ್ಲೇ ವಿವರಿಸಿದ ಅಂತಿಮ ಸ್ವರೂಪದ ಸಂಸತ್ತಿಗಾಗಿ ಅದು ಜಾಗ ಹಿಡಿದಿಟ್ಟುಕೊಂಡಿತ್ತು.

ಸಂವಿಧಾನದ 21ನೇ ಭಾಗದ ಶೀರ್ಷಿಕೆಯನ್ನೂ ನೋಡಿ. ಮೊದಲು 'ಟೆಂಪರರಿ ಆ್ಯಂಡ್ ಟ್ರಾನ್ಸಿಷನಲ್ ಪ್ರೊವಿಷನ್ಸ್' ಎಂದಿತ್ತು. 1962ರ 13ನೇ ತಿದ್ದುಪಡಿಯಲ್ಲಿ ಅದಕ್ಕೆ 'ಸ್ಪೆಷಲ್' ಸೇರಿತು. ಟೆಂಪರರಿ ಎಂದರೆ ಕೆಲಕಾಲಕ್ಕಷ್ಟೇ ಇರುವುದು, ಟ್ರಾನ್ಸಿಷನಲ್ ಎಂದರೆ ಹಳೆಯದರಿಂದ ಹೊಸದಕ್ಕೆ ದಾಟಿಸುವುದು, ಸ್ಪೆಷಲ್ ಎಂಬುದಕ್ಕೆ ಅವಧಿಯ ಮಾತೇ ಇಲ್ಲ. 2012ರ 98ನೇ ತಿದ್ದುಪಡಿಯಿಂದ ಬಂದ, ಕಲ್ಯಾಣ ಕರ್ನಾಟಕಕ್ಕೆ ಸಂಬಂಧಿಸಿದ 371-ಜೆ ವಿಧಿ ಈ ಭಾಗದಲ್ಲೇ ಇದೆ. ಅದರ ಶೀರ್ಷಿಕೆಯಲ್ಲಿರುವುದು 'ಸ್ಪೆಷಲ್', 'ಟೆಂಪರರಿ' ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಭಾಗದ ಹೆಸರಿನಲ್ಲಿ ಟೆಂಪರರಿ ಇದೆಯೆಂದು ಒಳಗಿನ ಎಲ್ಲ ವಿಧಿಗಳೂ ತಾತ್ಕಾಲಿಕವಾಗುವುದಿಲ್ಲ.

'ಆ್ಯಡ್ ಹಾಕ್' ಎಂಬುದನ್ನು ನಮ್ಮ ಕಚೇರಿಗಳಲ್ಲಿ ತಾತ್ಕಾಲಿಕ ಎಂಬ ಅರ್ಥದಲ್ಲೇ ಬಳಸುತ್ತಾರೆ. ಮೂಲ ಲ್ಯಾಟಿನ್ ಅರ್ಥ 'ಇದಕ್ಕಾಗಿ'. ಒಂದೇ ಕೆಲಸಕ್ಕೆಂದು ರಚಿಸಿದ ಸಮಿತಿ ಹಲವು ವರ್ಷ ನಡೆದರೂ ಆ್ಯಡ್ ಹಾಕ್ ಸಮಿತಿಯೇ. ಇನ್ನು 'ಟೆಂಪರಲ್ ಪೋಸ್ಟ್' ಎಂದು ಬರೆಯುವುದು ಶುದ್ಧ ತಪ್ಪು. ಟೆಂಪರಲ್ ಎಂದರೆ ಕಾಲಕ್ಕೆ ಸಂಬಂಧಿಸಿದ, ಲೌಕಿಕ ಅಥವಾ ಕಪಾಲದ ಪಕ್ಕದ ಕಣತಲೆಗೆ ಸೇರಿದ.

ಪ್ರಶ್ನೆ: ಆರೋಗ್ಯ ಶಿಬಿರದ ಕರಪತ್ರ ಇಂಗ್ಲಿಷಿಗೆ ತರುತ್ತಿದ್ದೇನೆ. 'ತೀವ್ರ ತಲೆನೋವು' ಎಂಬುದಕ್ಕೆ 'ಕ್ರಾನಿಕ್ ಹೆಡೇಕ್' ಹಾಕಬಹುದೇ?
— ಆರೋಗ್ಯ ಕಾರ್ಯಕರ್ತೆ, ಸಿಂಧನೂರು

ಉತ್ತರ: ಖಂಡಿತ ಬೇಡ. ಇಲ್ಲಿ ಪದ ತಪ್ಪಿದರೆ ರೋಗಿಗೆ ತೊಂದರೆ. ಕ್ರಾನಿಕ್ ಹೇಳುವುದು ಕಾಲವನ್ನು. ನೋವಿನ ಜೋರು ಅದರಲ್ಲಿಲ್ಲ. ಸಣ್ಣಗೆ ನೋಯುತ್ತ ತಿಂಗಳುಗಟ್ಟಲೆ ಉಳಿಯುವುದೂ ಕ್ರಾನಿಕ್. ನಿಮ್ಮ ಸಾಲಿಗೆ ಬೇಕಾದ ಪದ 'ಸಿವಿಯರ್'. ಇದ್ದಕ್ಕಿದ್ದಂತೆ ಬಂದ ಜೋರು ತಲೆನೋವಾದರೆ 'ಸಡನ್, ಸಿವಿಯರ್ ಹೆಡೇಕ್' ಎಂದು ಬರೆಯಿರಿ. ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ ಅದು. ಅದರ ಮೇಲೆ ಕ್ರಾನಿಕ್ ಎಂಬ ಹಣೆಪಟ್ಟಿ ಬಿದ್ದರೆ ಓದಿದವರು 'ಹಳೆಯದು ತಾನೇ, ನಾಳೆ ನೋಡೋಣ' ಎಂದುಕೊಂಡಾರು.

ಕ್ರಾನಿಕ್‌ಗೆ ಎದುರು ನಿಲ್ಲುವ ಪದ ಅಕ್ಯೂಟ್. ಅದೂ ತೀವ್ರತೆಯ ಪದವೆಂದೇ ಬಹಳ ಜನ ತಿಳಿದಿದ್ದಾರೆ. ವೈದ್ಯಕೀಯದಲ್ಲಿ ಅಕ್ಯೂಟ್ ಎಂದರೆ ಥಟ್ಟನೆ ಶುರುವಾಗಿ ಕಡಿಮೆ ಕಾಲ ಇರುವುದು. ಸಾಮಾನ್ಯ ನೆಗಡಿಯೂ ಅಕ್ಯೂಟ್ ಕಾಯಿಲೆಯೇ. ದಿನಬಳಕೆಯ ಇಂಗ್ಲಿಷಿನಲ್ಲಿ ಮಾತ್ರ 'ಅಕ್ಯೂಟ್ ಶಾರ್ಟೇಜ್' ಎನ್ನುವಾಗ ತೀವ್ರ ಎಂಬ ಅರ್ಥ ಬರುತ್ತದೆ. ಎರಡು ಲೋಕಗಳನ್ನು ಬೆರೆಸಬೇಡಿ.

ಎಷ್ಟು ದಿನ ದಾಟಿದರೆ ಕ್ರಾನಿಕ್ ಎಂಬುದು ಕಾಯಿಲೆಯಿಂದ ಕಾಯಿಲೆಗೆ ಬೇರೆ. ದೊಡ್ಡವರ ಕೆಮ್ಮು 3 ವಾರದೊಳಗಿದ್ದರೆ ಅಕ್ಯೂಟ್, 3ರಿಂದ 8 ವಾರ ಸಬ್‌ಅಕ್ಯೂಟ್, 8 ವಾರ ದಾಟಿದರೆ ಕ್ರಾನಿಕ್. ಮಕ್ಕಳಲ್ಲಿ 4 ವಾರ ದಾಟಿದರೇ ಕ್ರಾನಿಕ್ ಎನ್ನುತ್ತಾರೆ. ಭೇದಿ 14 ದಿನದೊಳಗಿದ್ದರೆ ಅಕ್ಯೂಟ್, 14 ದಿನ ಅಥವಾ ಅದಕ್ಕೂ ಹೆಚ್ಚು ಎಳೆದರೆ ಪರ್ಸಿಸ್ಟೆಂಟ್. ಮೂತ್ರಪಿಂಡದ ದೋಷ 3 ತಿಂಗಳಿಗೂ ಮೀರಿ ಉಳಿದರೆ ಕ್ರಾನಿಕ್ ಕಿಡ್ನಿ ಡಿಸೀಸ್. ಹೆಪಟೈಟಿಸ್-ಬಿ ಸೋಂಕು 6 ತಿಂಗಳು ದಾಟಿದರೆ ಕ್ರಾನಿಕ್. ಹೀಗಿರುವುದರಿಂದ ಕರಪತ್ರದಲ್ಲಿ ಪದವೊಂದನ್ನೇ ನೆಚ್ಚಿಕೊಳ್ಳದೆ 'ಮೂರು ವಾರಕ್ಕೂ ಹೆಚ್ಚು' ಎಂಬ ಥರ ಅವಧಿಯನ್ನೇ ಬರೆಯಿರಿ. ಓದುವವರು ಎಣಿಸಿ ನೋಡಬಲ್ಲರು.

ಲಕ್ಷಣ ಬಂದು ಹಾಗೇ ಹೋದರೆ 'ಟ್ರಾನ್ಸಿಯೆಂಟ್'. ಕೈ ಕಾಲು ಸ್ವಲ್ಪ ಹೊತ್ತು ಸೋತು, ಮಾತು ತೊದಲಿ, ಮತ್ತೆ ಸರಿಹೋಗುವ 'ಟ್ರಾನ್ಸಿಯೆಂಟ್ ಇಸ್ಕೀಮಿಕ್ ಅಟ್ಯಾಕ್' ಎಂಬಲ್ಲಿ ಈ ಪದವಿದೆ. ಹೊರಟುಹೋಯಿತಲ್ಲ ಎಂದು ಬಿಡುವಂತಿಲ್ಲ, ಅದು ಪಾರ್ಶ್ವವಾಯುವಿನ ಮುನ್ಸೂಚನೆ. ಕನ್ನಡದಲ್ಲಿ 'ಕ್ಷಣಿಕ' ಎಂದು ತಂದರೆ ಆ ಗಾಂಭೀರ್ಯ ಕರಗುತ್ತದೆ. 'ಬಂದು ಹೋದರೂ ಅಪಾಯದ' ಎಂದು ಬಿಡಿಸಿ ಬರೆಯುವುದು ಲೇಸು.

ಪ್ರಶ್ನೆ: ಪರೀಕ್ಷೆ ಮುಗಿಸಿ ಬಂದ ಮಕ್ಕಳು 'ಪೇಪರ್ ಲೆಂಗ್ತಿ ಇತ್ತು' ಎನ್ನುತ್ತಾರೆ. 'ಲೆಂಗ್ತಿ ಹೇರ್' ಎಂದೂ ಕೇಳಿದ್ದೇನೆ. ಲಾಂಗ್, ಲೆಂಗ್ತಿ, ಪ್ರೊಲಾಂಗ್ಡ್, ಪ್ರೊಟ್ರ್ಯಾಕ್ಟೆಡ್ ಇವನ್ನು ಹೇಗೆ ಕಲಿಸುವುದು?
— ಪ್ರೌಢಶಾಲಾ ಶಿಕ್ಷಕರು, ಚನ್ನರಾಯಪಟ್ಟಣ

ಉತ್ತರ: ಪೇಪರ್ ಲೆಂಗ್ತಿ ಇರಬಹುದು, ಕೂದಲು ಇರಲಾರದು. ಲೆಂಗ್ತಿ ಎಂಬುದು ಓದಲು, ಕೇಳಲು, ಮಾಡಲು ಬಹಳ ಹೊತ್ತು ಹಿಡಿಯುವುದಕ್ಕೆ ಸಲ್ಲುವ ಪದ. ಸಾಮಾನ್ಯವಾಗಿ 'ಬೇಕಿದ್ದಕ್ಕಿಂತ ಹೆಚ್ಚು' ಎಂಬ ದೂರೂ ಅದರಲ್ಲಿ ಬೆರೆತಿರುತ್ತದೆ. ಭಾಷಣ, ವರದಿ, ಪ್ರಶ್ನೆಪತ್ರಿಕೆ, ವಿಚಾರಣೆ ಲೆಂಗ್ತಿ. ಕೂದಲು, ಹಗ್ಗ, ಸೀರೆಯ ಸೆರಗು, ರಸ್ತೆ ಇವು ಲಾಂಗ್.

ಪ್ರೊಲಾಂಗ್ಡ್ ಎಂದರೆ ಸಾಮಾನ್ಯವಾಗಿ ಇರಬೇಕಾದ್ದಕ್ಕಿಂತ ಉದ್ದಕ್ಕೆ ಹೋದದ್ದು. ಪತ್ರಿಕೆಯ ನಿಧನವಾರ್ತೆಯಲ್ಲಿ ಬರುವ 'ಆಫ್ಟರ್ ಎ ಪ್ರೊಲಾಂಗ್ಡ್ ಇಲ್‌ನೆಸ್' ಸರಿಯಾದ ಪ್ರಯೋಗ. 'ಪ್ರೊಲಾಂಗ್ಡ್ ಡ್ರೈ ಸ್ಪೆಲ್' ಎಂದರೆ ಮಳೆ ಕೈಕೊಟ್ಟ ದಿನಗಳು ವಾಡಿಕೆಗಿಂತ ಹೆಚ್ಚಾದವು. ಪ್ರೊಟ್ರ್ಯಾಕ್ಟೆಡ್‌ನಲ್ಲಿ ಜನರು ಎಳೆದ ಎಳೆತವಿದೆ: ವ್ಯಾಜ್ಯ, ಮಾತುಕತೆ, ಜಗಳ, ಯುದ್ಧ. ತಲೆಮಾರು ದಾಟಿದ ಜಮೀನಿನ ದಾವೆ ಪ್ರೊಟ್ರ್ಯಾಕ್ಟೆಡ್ ಲಿಟಿಗೇಷನ್. ಬರಗಾಲವನ್ನು ಯಾರೂ ಎಳೆಯುವುದಿಲ್ಲವಾದ್ದರಿಂದ ಅದಕ್ಕೆ ಪ್ರೊಲಾಂಗ್ಡ್ ಚೆನ್ನ. ಬೇಕೆಂದೇ, ಒಳ್ಳೆಯದಕ್ಕೇ ಹೆಚ್ಚಿಸಿದ್ದು 'ಎಕ್ಸ್‌ಟೆಂಡೆಡ್': ವಾರಂಟಿ, ರಜೆ, ಕೊನೆಯ ದಿನಾಂಕ.

ತರಗತಿಯಲ್ಲಿ ನಾಲ್ಕು ನಾಮಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ: ಸೀರೆ, ಭಾಷಣ, ಬರ, ದಾವೆ. ಪ್ರತಿಯೊಂದಕ್ಕೂ ಒಂದೊಂದು ಪದ ಹೊಂದಿಸಲು ಹೇಳಿ. ಅರ್ಥ ಬಾಯಿಪಾಠ ಮಾಡಿಸುವುದಕ್ಕಿಂತ ಜೊತೆಯಲ್ಲಿ ಬರುವ ನಾಮಪದ ಕಲಿಸುವುದು ಬೇಗ ನಾಟುತ್ತದೆ. 'ಬ್ರೀಫ್' ಮತ್ತು 'ಶಾರ್ಟ್' ಕಲಿಸಲೂ ಇದೇ ದಾರಿ. ಭೇಟಿ, ಮಾತು, ವಿವರಣೆ ಬ್ರೀಫ್ ಆಗಬಹುದು, ಕೋಲು ಶಾರ್ಟ್ ಮಾತ್ರ.

ಪ್ರಶ್ನೆ: 'ಲಾಂಗ್-ಟರ್ಮ್ ಡಿಮ್ಯಾಂಡ್' ಮತ್ತು 'ಲಾಂಗ್-ಸ್ಟ್ಯಾಂಡಿಂಗ್ ಡಿಮ್ಯಾಂಡ್' ಒಂದೇ ಅಲ್ಲವೇ?
— ಸಂಘದ ಕಾರ್ಯದರ್ಶಿ, ಬೆಳಗಾವಿ

ಉತ್ತರ: ನೋಟ ಬೇರೆ ಬೇರೆ ದಿಕ್ಕಿಗಿದೆ. ಲಾಂಗ್-ಸ್ಟ್ಯಾಂಡಿಂಗ್ ಹಿಂದಕ್ಕೆ ನೋಡುತ್ತದೆ: ಬಹುಕಾಲದಿಂದ ಇರುವ ಬೇಡಿಕೆ. ಲಾಂಗ್-ಟರ್ಮ್ ಮುಂದಕ್ಕೆ ನೋಡುತ್ತದೆ: ಬಹುಕಾಲಕ್ಕೆಂದು ಹಾಕಿದ ಲೆಕ್ಕ. ಲಾಂಗ್-ಲಾಸ್ಟಿಂಗ್ ಬಾಳಿಕೆಯ ಪದ. ಬ್ಯಾಟರಿ, ಬಣ್ಣ, ಪರಿಣಾಮ. ಸಂಘದ ಮನವಿಗೆ ಲಾಂಗ್-ಸ್ಟ್ಯಾಂಡಿಂಗ್ ಬೇಕು.

ಲಾಂಗ್-ಟರ್ಮ್ ಎಷ್ಟು ಕಾಲ ಎಂಬುದು ಕ್ಷೇತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಆದಾಯ ತೆರಿಗೆಯಲ್ಲಿ 2024ರ ಜುಲೈ ಬದಲಾವಣೆಯ ನಂತರ, ಷೇರುಪೇಟೆಯಲ್ಲಿ ನೋಂದಾಯಿತ ಷೇರು 12 ತಿಂಗಳು ದಾಟಿದರೆ, ಮನೆ ಅಥವಾ ನಿವೇಶನ 24 ತಿಂಗಳು ದಾಟಿದರೆ ಲಾಂಗ್-ಟರ್ಮ್. ದಿನದ ಮಾತಿನಲ್ಲಿ ಒಂದು ವರ್ಷವನ್ನು ದೀರ್ಘಾವಧಿ ಎನ್ನಲು ಯಾರೂ ಒಪ್ಪಲಿಕ್ಕಿಲ್ಲ.

ಪ್ರಶ್ನೆ: ಬೈಆನ್ಯುಅಲ್, ಬೈಎನಿಯಲ್, ಬೈಮಂತ್ಲಿ. ಪ್ರತಿ ಸಲವೂ ಮರೆತುಹೋಗುತ್ತದೆ.
— ಬ್ಯಾಂಕ್ ಪರೀಕ್ಷೆಯ ಅಭ್ಯರ್ಥಿ, ಕೊಪ್ಪಳ

ಉತ್ತರ: ಬೈಆನ್ಯುಅಲ್ ವರ್ಷಕ್ಕೆ ಎರಡು ಬಾರಿ. ಬೈಎನಿಯಲ್ ಎರಡು ವರ್ಷಕ್ಕೊಮ್ಮೆ. ನೆನಪಿಗೆ ರಾಜ್ಯಸಭೆಯನ್ನು ಇಟ್ಟುಕೊಳ್ಳಿ: ಸದಸ್ಯರ ಅವಧಿ 6 ವರ್ಷ, ಮೂರನೇ ಒಂದು ಭಾಗ ಸದಸ್ಯರು ಪ್ರತಿ 2 ವರ್ಷಕ್ಕೆ ನಿವೃತ್ತರಾಗುತ್ತಾರೆ, ಆ ಸ್ಥಾನಗಳಿಗೆ ನಡೆಯುವುದು 'ಬೈಎನಿಯಲ್ ಎಲೆಕ್ಷನ್'. ನಮ್ಮ 75 ಸದಸ್ಯರ ವಿಧಾನ ಪರಿಷತ್ತಿನಲ್ಲೂ ಇದೇ ಪದ್ಧತಿ. ಎರಡು ವರ್ಷ ಬದುಕುವ ಸಸ್ಯವೂ ಬೈಎನಿಯಲ್. ಕ್ಯಾರೆಟ್ ಮೊದಲ ವರ್ಷ ಗೆಡ್ಡೆ ಕಟ್ಟಿ, ಎರಡನೇ ವರ್ಷ ಹೂಬಿಟ್ಟು ಬೀಜವಾಗುವ ಜಾತಿ.

ಬೈಮಂತ್ಲಿ ಇನ್ನೂ ಕಷ್ಟ. ತಿಂಗಳಿಗೆರಡು ಸಲ ಮತ್ತು ಎರಡು ತಿಂಗಳಿಗೊಮ್ಮೆ ಎಂಬ ಎರಡೂ ಅರ್ಥ ನಿಘಂಟಿನಲ್ಲಿವೆ. ರಿಸರ್ವ್ ಬ್ಯಾಂಕಿನ 'ಬೈ-ಮಂತ್ಲಿ' ಹಣಕಾಸು ನೀತಿ ಎಂದರೆ ಎರಡು ತಿಂಗಳಿಗೊಮ್ಮೆ, ವರ್ಷಕ್ಕೆ 6 ಬಾರಿ. ಬ್ಯಾಂಕ್ ಪರೀಕ್ಷೆಗೆ ಈ ಒಂದು ಅರ್ಥ ಸಾಕು. ನೀವೇ ಬರೆಯುವಾಗ ಈ ಪದ ಬಿಟ್ಟು 'ಎವೆರಿ ಟೂ ಮಂತ್ಸ್' ಅಥವಾ 'ಟ್ವೈಸ್ ಎ ಮಂತ್' ಎನ್ನಿ. ಬೈಆನ್ಯುಅಲ್ ಬದಲಿಗೆ 'ಹಾಫ್-ಇಯರ್ಲಿ' ಎಂಬ ಅಚ್ಚುಕಟ್ಟಾದ ಪದವೇ ಇದೆ.

ಪ್ರಶ್ನೆ: ಪೆರೆನಿಯಲ್, ಪರ್ಪೆಚುಅಲ್, ಪರ್ಮನೆಂಟ್ ಮೂರೂ 'ಶಾಶ್ವತ' ತಾನೇ? ವಕೀಲರು ನಮ್ಮ ಕಾಗದದಲ್ಲಿ 'ಪರ್ಪೆಚುಅಲ್ ಇಂಜಂಕ್ಷನ್' ಎಂದು ಬರೆದಿದ್ದಾರೆ.
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ವಕೀಲರ ಪದ ಕಾಯ್ದೆಯದೇ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 37ನೇ ಸೆಕ್ಷನ್ನಿನಲ್ಲಿ ತಡೆಯಾಜ್ಞೆ ಎರಡು ಬಗೆ: ಟೆಂಪರರಿ ಮತ್ತು ಪರ್ಪೆಚುಅಲ್. ಮೊದಲನೆಯದು ನಿಗದಿಯಾದ ಕಾಲದವರೆಗೆ ಅಥವಾ ಮುಂದಿನ ಆದೇಶದವರೆಗೆ. ಎರಡನೆಯದನ್ನು ದಾವೆಯ ವಿಚಾರಣೆ ಮುಗಿಸಿ ಡಿಕ್ರಿಯ ಮೂಲಕವೇ ಕೊಡಬೇಕು. ಆಡುಮಾತಿನಲ್ಲಿ 'ಪರ್ಮನೆಂಟ್ ಇಂಜಂಕ್ಷನ್' ಎಂದರೂ ಅದೇ. ಮೊದಲ ಬಗೆಯ ಆಜ್ಞೆ ಸಿಕ್ಕಿದೆ ಎಂದು ದಾವೆ ಮುಗಿಯಿತೆಂದು ತಿಳಿಯಬೇಡಿ.

ಪರ್ಮನೆಂಟ್ ಎಂದರೆ ಬದಲಾಗದೆ ಉಳಿಯಲೆಂದು ಇರುವುದು: ವಿಳಾಸ, ನೌಕರಿ, ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲು. ಪರ್ಪೆಚುಅಲ್ ಎಂದರೆ ಕೊನೆಯ ದಿನವೇ ಇಲ್ಲದೆ ಸಾಗುವುದು. ಷೇರುದಾರರು ತೀರಿಕೊಂಡರೂ ಕಂಪನಿ ಉಳಿಯುತ್ತದೆ ಎಂಬುದನ್ನು ಕಂಪನಿ ಕಾನೂನಿನಲ್ಲಿ 'ಪರ್ಪೆಚುಅಲ್ ಸಕ್ಸೆಷನ್' ಎನ್ನುತ್ತಾರೆ. ಬೇಸರದ ಮಾತಿನಲ್ಲಿ 'ಪರ್ಪೆಚುಅಲ್ ಕಂಪ್ಲೇಂಟ್ಸ್' ಎಂದರೆ ಮುಗಿಯದ ದೂರು.

ಪೆರೆನಿಯಲ್ ನಿಮ್ಮ ತೋಟದ ಪದ. ಲ್ಯಾಟಿನ್ ಮೂಲದಲ್ಲಿ 'ವರ್ಷವಿಡೀ' ಎಂಬ ಅರ್ಥ. ಅಡಿಕೆ, ತೆಂಗು, ಕಾಫಿ ಪೆರೆನಿಯಲ್ ಬೆಳೆಗಳು. ರಾಗಿ, ಭತ್ತ ಆನ್ಯುಅಲ್. ತೋಟದ ಮಗ್ಗುಲಿನ ಹಳ್ಳದ ವರದಿ ಬರೆಸುವುದಿದ್ದರೆ ಮೂರು ಪದ ಬೇಕಾಗುತ್ತವೆ. ವರ್ಷವಿಡೀ ಹರಿದರೆ ಪೆರೆನಿಯಲ್. ಮಳೆಗಾಲದಲ್ಲಿ ಹರಿದು, ಅಂತರ್ಜಲದ ಒರತೆ ಇರುವಷ್ಟು ಕಾಲ ಉಳಿದು, ಬೇಸಿಗೆಗೆ ಬತ್ತಿದರೆ ಇಂಟರ್‌ಮಿಟೆಂಟ್. ಮಳೆ ಬಿದ್ದಾಗ ಮಾತ್ರ ಹರಿದು ಬೇಗನೆ ಇಂಗಿಹೋದರೆ ಎಫೆಮರಲ್. ಎಫೆಮರಲ್ ಪದದ ಗ್ರೀಕ್ ಮೂಲಕ್ಕೆ 'ಒಂದು ದಿನದ' ಎಂಬ ಅರ್ಥ. ರೆಕ್ಕೆ ಬಂದ ಮೇಲೆ ಕೆಲವು ಗಂಟೆಯಿಂದ ಕೆಲವು ದಿನವಷ್ಟೇ ಬದುಕುವ ಮೇಫ್ಲೈ ಹುಳುಗಳ ಗಣಕ್ಕೆ ಎಫೆಮೆರಾಪ್ಟೆರಾ ಎಂದು ಹೆಸರಿಟ್ಟದ್ದು ಅದರಿಂದಲೇ. ಒರತೆ ಇದ್ದ ಹಳ್ಳವನ್ನು ವರದಿಯಲ್ಲಿ ಎಫೆಮರಲ್ ಎಂದು ಬರೆದರೆ, ಅಲ್ಲಿ ನೀರು ನಿಲ್ಲುವುದೇ ಇಲ್ಲ ಎಂದಾಗುತ್ತದೆ. ಸಹಿ ಹಾಕುವ ಮೊದಲು ಈ ಪದವೊಂದನ್ನು ನೋಡಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿ ವಿಮಾನದೊಳಗೆ 'ವಿ ವಿಲ್ ಬಿ ಲ್ಯಾಂಡಿಂಗ್ ಮೊಮೆಂಟರಿಲಿ' ಎಂದರು. ಒಂದು ಕ್ಷಣ ಇಳಿದು ಮತ್ತೆ ಹಾರುತ್ತದೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಡಲ್ಲಾಸ್

ಉತ್ತರ: ಇಲ್ಲ, ಇನ್ನೇನು ಇಳಿಯುತ್ತದೆ ಎಂದರ್ಥ. ಅಮೆರಿಕನ್ ಬಳಕೆಯಲ್ಲಿ ಮೊಮೆಂಟರಿಲಿಗೆ 'ಈಗಲೇ, ಕ್ಷಣದಲ್ಲಿ' ಎಂಬ ಅರ್ಥ ಸಾಮಾನ್ಯ. ನಾವು ಶಾಲೆಯಲ್ಲಿ ಕಲಿತ ಬ್ರಿಟಿಷ್ ಬಳಕೆಯಲ್ಲಿ 'ಒಂದು ಕ್ಷಣದ ಮಟ್ಟಿಗೆ'. ಗುಣವಾಚಕವಾದ 'ಮೊಮೆಂಟರಿ' ಎರಡೂ ಕಡೆ ಕ್ಷಣಕಾಲದ್ದೇ. ಅದರ ಪಕ್ಕದಲ್ಲೇ ಇರುವ 'ಮೊಮೆಂಟಸ್' ಕಾಲದ ಪದವಲ್ಲ, ಬಹಳ ಮಹತ್ವದ ಎಂದರ್ಥ. 'ಮೊಮೆಂಟರಿ ಡಿಸಿಷನ್' ಎಂದು ಹೊಗಳಲು ಹೋಗಬೇಡಿ.

ಪ್ರಶ್ನೆ: 'ಅನಿರ್ದಿಷ್ಟಾವಧಿ ಮುಷ್ಕರ'ಕ್ಕೆ ಇಂಗ್ಲಿಷ್ ಪತ್ರಿಕೆಗಳು 'ಇನ್‌ಡೆಫಿನಿಟ್' ಎನ್ನುತ್ತವೆ. 'ಎಂಡ್‌ಲೆಸ್' ಎಂದರೆ ಆಗದೇ?
— ಪತ್ರಿಕೋದ್ಯಮ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಆಗದು. ಇನ್‌ಡೆಫಿನಿಟ್ ಎಂದರೆ ಕೊನೆಯ ದಿನ ನಿಗದಿಯಾಗಿಲ್ಲ ಎಂದಷ್ಟೇ. ಮುಷ್ಕರ ಎರಡೇ ದಿನಕ್ಕೆ ಮುಗಿದರೂ ಆ ಪದ ತಪ್ಪಾಗುವುದಿಲ್ಲ. ಎಂಡ್‌ಲೆಸ್ ಎಂದರೆ ಮುಗಿಯುವುದೇ ಇಲ್ಲ. 'ಇನ್‌ಫಿನಿಟ್' ಅಂತೂ ಬೇಡವೇ ಬೇಡ. ಹಾಗೆಯೇ 'ಸೈನಿ ಡೈ' ಎಂದು ಸದನ ಮುಂದೂಡಿದರೆ ಮುಂದಿನ ದಿನ ಹೇಳದೆ ಮುಂದೂಡಿದರು ಎಂದು ವರದಿ ಮಾಡಿ. 'ಶಾಶ್ವತವಾಗಿ ಮುಂದೂಡಿಕೆ' ಎಂದು ಬರೆದರೆ ಸುದ್ದಿಯೇ ಸುಳ್ಳಾಗುತ್ತದೆ.